ಬಯಲುಸೀಮೆಯ ನೆಗಡಿಗೆ ಮನೆಯ ಮದ್ದು

ಆಂಧ್ರಪ್ರದೇಶದ ಹಳೆಯ ಅನಂತಪುರ ಜಿಲ್ಲೆಯ ಅಂಚಿನಲ್ಲಿರುವ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳು ಕರ್ನಾಟಕದ ಗೌರಿಬಿದನೂರು, ಮಧುಗಿರಿ, ಪಾವಗಡ, ಚಳ್ಳಕೆರೆಗಳ ನೆರೆಯ ಊರುಗಳು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಆದರೆ ಎರಡೂ ಕಡೆಯ ಅನೇಕ ಮನೆಗಳಲ್ಲಿ ಕನ್ನಡವೂ ತೆಲುಗೂ ಜೊತೆಯಾಗಿ ನಡೆದುಬಂದಿರುವುದರಿಂದ, ನೆಗಡಿ ಕೆಮ್ಮಿನ ಮದ್ದುಗಳೂ ಎರಡು ಭಾಷೆಯ ಹೆಸರು ಹೊತ್ತು ಒಂದೇ ಒಲೆಯ ಮೇಲೆ ಕುದಿಯುತ್ತ ಬಂದಿವೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಕಾಣುವ ಈ ಒಣ ಸೀಮೆಯಲ್ಲಿ ಕೆಮ್ಮಿಗೆ ಕಾರಣಗಳು ಹಲವು: ಧನುರ್ಮಾಸದ ಬೆಳಗಿನ ಚಳಿಯಲ್ಲಿ ಮನೆಯಿಂದ ಮನೆಗೆ ಹರಡುವ ನೆಗಡಿ, ಕಡಲೆಕಾಯಿ ಬಿಡಿಸುವ ದಿನಗಳ ಧೂಳು, ಹುಣಸೆ ಮತ್ತು ಒಣಮೆಣಸಿನಕಾಯಿಯ ವ್ಯಾಪಾರಕ್ಕೆ ಹೆಸರಾದ ಹಿಂದೂಪುರದ ಮಂಡಿಗಳ ಘಾಟು. ಈ ಕಾರಣಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ; ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯವರ ಕೆಮ್ಮಿಗೆ ಮೂಗು ಬಾಯಿ ಮುಚ್ಚುವ ಬಟ್ಟೆಯೂ ಗಾಳಿಯಾಡುವ ಜಾಗವೂ ಬೇಕೇ ಹೊರತು, ಎಷ್ಟು ಲೋಟ ಕಷಾಯ ಕುಡಿದರೂ ಅದರ ಮೂಲ ಹೋಗುವುದಿಲ್ಲ.

ನೆಗಡಿ ಎಂದು ಕರೆಯುವ ಬೇನೆ ಒಂದೇ ರೋಗವಲ್ಲ. ಇನ್ನೂರಕ್ಕೂ ಹೆಚ್ಚು ಬಗೆಯ ವೈರಸ್‌ಗಳು ಅದನ್ನು ತರಬಲ್ಲವು, ಅವುಗಳಲ್ಲಿ ರೈನೋವೈರಸ್ ಎಂಬ ಗುಂಪಿನವೇ ಹೆಚ್ಚು. ಇವು ಮೂಗು ಮತ್ತು ಗಂಟಲಿನ ಒಳಪದರವನ್ನು ಸೇರಿದಾಗ ದೇಹ ಅಲ್ಲಿಗೆ ರಕ್ತವನ್ನು ಹೆಚ್ಚಾಗಿ ಹರಿಸಿ, ಲೋಳೆಯನ್ನು ಹೆಚ್ಚಾಗಿ ಸುರಿಸಿ ಹೋರಾಡುತ್ತದೆ. ಮೂಗು ಕಟ್ಟುವುದು, ಸೋರುವುದು, ಗಂಟಲು ಕೆರೆಯುವುದು ಬಹುಮಟ್ಟಿಗೆ ಈ ಹೋರಾಟದ ಫಲವೇ. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ದೇಹವೇ ಗೆಲ್ಲುತ್ತದೆ, ಕೆಮ್ಮು ಮಾತ್ರ ಕೆಲವೊಮ್ಮೆ ಮೂರು ವಾರದವರೆಗೂ ಎಳೆಯಬಹುದು. ವೈರಸ್‌ಗಳ ಮೇಲೆ ಆಂಟಿಬಯೋಟಿಕ್ ಮಾತ್ರೆಗಳು ಕೆಲಸ ಮಾಡುವುದಿಲ್ಲ, ತುಳಸಿ ಕಷಾಯವೂ ಅವನ್ನು ಕೊಂದುಹಾಕುತ್ತದೆಂದು ಸಿದ್ಧವಾಗಿಲ್ಲ. ಹಾಗಿದ್ದರೂ ಮನೆಮದ್ದು ನಿಷ್ಪ್ರಯೋಜಕವಲ್ಲ. ಆ ಏಳೆಂಟು ದಿನಗಳನ್ನು ಸಹ್ಯವಾಗಿಸುವುದು, ಗಂಟಲಿಗೆ ಹಿತ ಕೊಡುವುದು, ದೇಹದ ನೀರಿನಂಶ ಕಾಯುವುದು, ಎಲ್ಲಕ್ಕಿಂತ ಮಿಗಿಲಾಗಿ ಬೇಡದ ಮಾತ್ರೆ ಮತ್ತು ಸಿರಪ್‌ಗಳಿಂದ ಮನೆಮಂದಿಯನ್ನು ದೂರವಿಡುವುದು ಅದರ ನಿಜವಾದ ಕೆಲಸ, ಮತ್ತು ಆ ಕೆಲಸ ಸಣ್ಣದಲ್ಲ.

ಅಡುಗೆಯನ್ನೂ ಮದ್ದನ್ನೂ ಒಟ್ಟಿಗೆ ನೋಡುವ ದೃಷ್ಟಿ ಕನ್ನಡದಲ್ಲಿ ಬಹಳ ಹಳೆಯದು. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ, ವೈದ್ಯ ಇವೆಲ್ಲ ಗೃಹಸ್ಥನಿಗೆ ಬೇಕಾದ ವಿದ್ಯೆಗಳಾಗಿ ಒಂದೇ ಗ್ರಂಥದೊಳಗೆ ಬರುತ್ತವೆ, 12ನೆಯ ಶತಮಾನದ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ದ ಮೂಲಕ ಸಂಸ್ಕೃತದ ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ತಂದನು. ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿದ್ದು ಕನ್ನಡ ಶಾಸನಗಳನ್ನು ಉಳಿಸಿಕೊಂಡಿರುವ ಊರು. ಈ ನೆಲದ ಮನೆಮದ್ದು ಗಡಿಯಾಚೆಯಿಂದ ಎರವಲು ತಂದದ್ದಲ್ಲ ಎಂಬುದಕ್ಕೆ ಇಷ್ಟು ಹಿನ್ನೆಲೆ ಸಾಕು.

ಮದ್ದಿನ ಸಾಮಗ್ರಿಗಳಲ್ಲಿ ಕೆಲವು ಈ ಒಣಭೂಮಿಯಲ್ಲೇ ಬೆಳೆಯುತ್ತವೆ, ಕೆಲವು ಗ್ರಂದಿಗೆ ಅಂಗಡಿಯಿಂದ, ಎಂದರೆ ಒಣಗಿದ ಬೇರು, ತೊಗಟೆ, ಕಾಯಿಗಳನ್ನು ಮಾರುವ ಅಂಗಡಿಯಿಂದ ಬರುತ್ತವೆ. ಒಣಶುಂಠಿ, ಕಾಳುಮೆಣಸು, ಹಿಪ್ಪಲಿ ಮೂರನ್ನೂ ಸಮನಾಗಿ ಕುಟ್ಟಿದ ಪುಡಿಗೆ ಆಯುರ್ವೇದದಲ್ಲಿ ತ್ರಿಕಟು ಎಂದು ಹೆಸರು. ತೆಲುಗು ಮನೆಗಳಲ್ಲಿ ಇವೇ ಶೊಂಠಿ, ಮಿರಿಯಾಲು, ಪಿಪ್ಪಳ್ಳು. ಇವುಗಳ ಕಾರ ಬಾಯಿ ಮತ್ತು ಗಂಟಲಿನ ನರಗಳನ್ನು ಕೆಣಕಿ ಜೊಲ್ಲನ್ನೂ ತೆಳುವಾದ ಲೋಳೆಯನ್ನೂ ಹೆಚ್ಚಿಸುವುದರಿಂದ, ಗಟ್ಟಿಯಾಗಿ ಅಂಟಿಕೊಂಡ ಕಫ ಸಡಿಲವಾದಂತೆ ಅನ್ನಿಸುತ್ತದೆ. ಕಷಾಯವೆಂದರೆ ದ್ರವ್ಯವನ್ನು ನೀರಿನಲ್ಲಿ ಕುದಿಸಿ ಇಂಗಿಸಿದ್ದು. ಶಾರ್ಙ್ಗಧರ ಸಂಹಿತೆ ಒಂದು ಪಾಲು ದ್ರವ್ಯಕ್ಕೆ 16 ಪಾಲು ನೀರು ಹಾಕಿ ಎಂಟರಲ್ಲಿ ಒಂದು ಭಾಗ ಉಳಿಯುವವರೆಗೆ ಕಾಯಿಸಲು ಹೇಳುತ್ತದೆ. ಮನೆಗಳಲ್ಲಿ ಎರಡು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸುವುದೇ ರೂಢಿ, ಮತ್ತು ಅಡುಗೆಮನೆಯ ಸಾಮಗ್ರಿಗೆ ಅಷ್ಟು ಸಾಕು. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿಯಂಥ ಗಟ್ಟಿ ವಸ್ತುಗಳು ಕುದಿದಷ್ಟೂ ಸಾರ ಬಿಡುತ್ತವೆ. ಆದರೆ ತುಳಸಿಯ ಘಮ ಇರುವುದು ಆವಿಯಾಗಿ ಹಾರಿಹೋಗುವ ಎಣ್ಣೆಯಂಶದಲ್ಲಿ. ಅದನ್ನು ಮೊದಲಿನಿಂದಲೂ ಕುದಿಸಿದರೆ ಆ ಘಮ ಅಡುಗೆಮನೆಯ ಗಾಳಿಗೆ ಸೇರುತ್ತದೆಯೇ ಹೊರತು ಲೋಟಕ್ಕಲ್ಲ. ಆದ್ದರಿಂದ ತುಳಸಿ ಎಲೆಯನ್ನು ಒಲೆ ಆರಿಸುವ ಹೊತ್ತಿಗೆ ಹಾಕಿ ಮುಚ್ಚಳ ಮುಚ್ಚುವುದು ಸರಿಯಾದ ಕ್ರಮ, ಬೆಲ್ಲ ಕೊನೆಗೆ.

ಕಷಾಯಕ್ಕಿಂತಲೂ ಹೆಚ್ಚು ಜನರನ್ನು ಸಾಕಿ ಸಲಹಿರುವುದು ಮೆಣಸಿನ ಸಾರು, ತೆಲುಗಿನ ಮಿರಿಯಾಲ ಚಾರು. ಹುಣಸೆ ರಸಕ್ಕೆ ಆಗತಾನೇ ಕುಟ್ಟಿದ ಮೆಣಸು, ಜೀರಿಗೆ, ಬೆಳ್ಳುಳ್ಳಿ ಬಿದ್ದ ಈ ಸಾರು, ಹುರುಳಿ ಬೇಯಿಸಿದ ಕಟ್ಟು, ಬಿಸಿ ರಾಗಿ ಗಂಜಿ ಇವು ಬಾಯಿ ಕೆಟ್ಟವರಿಗೂ ಒಳಗೆ ಹೋಗುತ್ತವೆ, ನೀರನ್ನೂ ಉಪ್ಪನ್ನೂ ಒಟ್ಟಿಗೆ ಕೊಡುತ್ತವೆ. ಬಿಸಿಯೇ ಒಂದು ಮದ್ದು ಎಂಬ ಮನೆಯ ನಂಬಿಕೆಗೆ ಆಧಾರವೂ ಇದೆ: ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ನೆಗಡಿ ಸಂಶೋಧನಾ ಕೇಂದ್ರದವರು ಒಂದೇ ಹಣ್ಣಿನ ಪಾನೀಯವನ್ನು ನೆಗಡಿಯಾದ ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಬಿಸಿ ಮಾಡದೆ ಕೊಟ್ಟು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬಿಸಿ ಕುಡಿದವರಿಗೆ ಸೀನು, ಕೆಮ್ಮು, ಗಂಟಲುನೋವು, ಚಳಿ, ದಣಿವು ಕೂಡಲೇ ಕಡಿಮೆಯಾದ ಅನುಭವವಾಯಿತು, ಮೂಗಿನ ಗಾಳಿಯ ಹಾದಿ ಅಳತೆಯಲ್ಲಿ ಬದಲಾಗಿರಲಿಲ್ಲ. ಚಿಕ್ಕ ಪರೀಕ್ಷೆಯಾದರೂ ಅದು ಹೇಳಿದ್ದು ಅಜ್ಜಿಯರು ಹೇಳಿದ್ದಕ್ಕೆ ದೂರವಿಲ್ಲ.

ಈ ಸೀಮೆಯ ಸೊಪ್ಪುಗಳಲ್ಲಿ ಹೆಚ್ಚು ಗೌರವ ಸಲ್ಲಬೇಕಾದದ್ದು ಆಡುಸೋಗೆಗೆ. ಸಂಸ್ಕೃತದಲ್ಲಿ ವಾಸಾ, ತೆಲುಗಿನಲ್ಲಿ ಅಡ್ಡಸರಂ ಎನ್ನುವ, ಬಿಳಿ ಹೂವು ಬಿಡುವ ಈ ಕಹಿ ಪೊದೆಯನ್ನು ಆಯುರ್ವೇದದ ಹಳೆಯ ಗ್ರಂಥಗಳು ಕೆಮ್ಮಿಗೂ ಕಫದಲ್ಲಿ ರಕ್ತ ಬೀಳುವುದಕ್ಕೂ ಹೇಳಿವೆ. ಇದರ ಎಲೆಯಲ್ಲಿ ವ್ಯಾಸಿಸಿನ್ ಎಂಬ ಸಸ್ಯಕ್ಷಾರವಿದೆ. ಅದರ ರಚನೆಯನ್ನು ಅನುಸರಿಸಿ ರಸಾಯನಜ್ಞರು ಬ್ರೋಮ್‌ಹೆಕ್ಸಿನ್ ಎಂಬ ಔಷಧ ತಯಾರಿಸಿದರು, ಅದು 1960ರ ದಶಕದಲ್ಲಿ ಬಳಕೆಗೆ ಬಂದಿತು, ಅದರಿಂದಲೇ ಮುಂದೆ ಆಂಬ್ರಾಕ್ಸಾಲ್ ಹುಟ್ಟಿತು. ಇಂದು ಹಿಂದೂಪುರದ ಔಷಧದಂಗಡಿಯಲ್ಲಿ ಕಫ ಕರಗಿಸಲೆಂದು ಕೊಡುವ ಎಷ್ಟೋ ಸಿರಪ್ಪುಗಳ ಪಟ್ಟಿಯಲ್ಲಿ ಈ ಎರಡು ಹೆಸರುಗಳಿದ್ದು, ಬೇಲಿಯ ಗಿಡಕ್ಕೂ ಬಾಟಲಿಗೂ ಇರುವ ಈ ನಂಟು ಓದುಗರಿಗೆ ತಿಳಿದಿರಬೇಕಾದದ್ದು. ಹಸಿ ಆಡುಸೋಗೆ ಎಲೆಯನ್ನು ಅರೆದರೆ ರಸ ಸುಲಭವಾಗಿ ಬರುವುದಿಲ್ಲ, ಆದಕಾರಣ ಶಾಸ್ತ್ರದಲ್ಲಿ ಪುಟಪಾಕ, ಅಂದರೆ ಎಲೆಯ ಉಂಡೆಯನ್ನು ಬೇರೆ ಎಲೆ ಮತ್ತು ಮಣ್ಣಿನಲ್ಲಿ ಸುತ್ತಿ ಕೆಂಡದಲ್ಲಿ ಬೇಯಿಸಿ ಹಿಂಡುವ ಕ್ರಮವಿದೆ. ಮನೆಗಳಲ್ಲಿ ಹಬೆಯಲ್ಲಿಯೋ ಹೆಂಚಿನ ಮೇಲೆಯೋ ಬಾಡಿಸಿ ಹಿಂಡುತ್ತಾರೆ. ಗರ್ಭಿಣಿಯರು ಮಾತ್ರ ಇದನ್ನು ಮುಟ್ಟಬಾರದು, ಏಕೆಂದರೆ ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಗುಣವುಳ್ಳದ್ದು. ಗಿಡ ಬೇಲಿಯದೆಂದು ಅದರಲ್ಲಿ ಅಪಾಯವಿಲ್ಲವೆಂದು ತಿಳಿಯುವುದು ಮನೆಮದ್ದಿನ ದೊಡ್ಡ ತಪ್ಪು.

ದೊಡ್ಡಪತ್ರೆಯದು ಸೌಮ್ಯ ಸ್ವಭಾವ. ದಪ್ಪ ಎಲೆಯ ಈ ಗಿಡದ ವಾಸನೆ ಓಂಕಾಳನ್ನು ಹೋಲುವುದರಿಂದಲೇ ತೆಲುಗಿನವರು ಇದನ್ನು ವಾಮಾಕು ಎನ್ನುತ್ತಾರೆ. ಎಲೆಯನ್ನು ಬಾಡಿಸಿ ಹಿಂಡಿದ ರಸವನ್ನು ಜೇನಿನೊಂದಿಗೆ ನೆಕ್ಕಿಸುವುದು, ತಂಬುಳಿ ಮಾಡುವುದು ವಾಡಿಕೆ. ಹಳ್ಳದ ದಂಡೆಯ ಲಕ್ಕಿ ಸೊಪ್ಪು, ಅಂದರೆ ತೆಲುಗಿನ ವಾವಿಲಿ, ಹಬೆಗೂ ಸ್ನಾನದ ನೀರಿಗೂ ಬರುತ್ತದೆ. ನೆಲಕ್ಕಂಟಿ ಹರಡುವ ನೆಲಗುಳ್ಳ ದಶಮೂಲದ ಹತ್ತು ಬೇರುಗಳಲ್ಲೊಂದು, ಕೆಮ್ಮಿಗೆ ಹೆಸರಾದದ್ದು. ಆದರೆ ಇದೇ ಬೀಳುನೆಲದಲ್ಲಿ ಮುಳ್ಳೆಲೆಯ ಅರಿಶಿನ ಉಮ್ಮತ್ತಿಯೂ ಬೆಳೆಯುತ್ತದೆ, ಅದರ ಬೀಜ ವಿಷಕಾರಿ. ನೆಲಗುಳ್ಳದ ಹೂವು ನೇರಳೆ, ಉಮ್ಮತ್ತಿಯದು ಹಳದಿ. ಬಲ್ಲವರು ತೋರಿಸದ ಗಿಡವನ್ನು ಕಿತ್ತು ತರದಿರುವುದೇ ಕ್ಷೇಮ.

ಅಂಗಡಿಯಿಂದ ಬರುವ ಜ್ಯೇಷ್ಠಮಧುವಿನ ತುಂಡನ್ನು ಬಾಯಲ್ಲಿಟ್ಟು ಚೀಪಿದರೆ ಗಂಟಲಿನ ಕೆರೆತ ತಗ್ಗುತ್ತದೆ, ಆದರೆ ಅದರ ಸಿಹಿಗೆ ಕಾರಣವಾದ ಗ್ಲಿಸಿರೈಝಿನ್ ದಿನಗಟ್ಟಲೆ ದೇಹಕ್ಕೆ ಸೇರಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ; ಬಿ.ಪಿ. ಇರುವವರಿಗೆ ಅದು ಬೇಡ. ಅರಿಶಿನದ ಹಾಲಿಗೆ ಮೆಣಸಿನ ಪುಡಿ ಬೆರೆಸುವ ರೂಢಿಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರ 1998ರ ಅಧ್ಯಯನ ಒಂದು ಕುತೂಹಲದ ಬೆಳಕು ಬೀರಿತು: ಅರಿಶಿನದ ಕರ್ಕ್ಯುಮಿನ್ ಅಂಶ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾದರೂ, ಮೆಣಸಿನ ಪೈಪರಿನ್ ಜೊತೆಗಿದ್ದಾಗ ಅದು ಹಲವು ಪಟ್ಟು ಹೆಚ್ಚಿತು. ಇದರಿಂದ ನೆಗಡಿ ಬೇಗ ಹೋಗುತ್ತದೆಂದು ಹೇಳಲಾಗದು. ಪೈಪರಿನ್ ಇತರ ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದಾದ್ದರಿಂದ, ಮೂರ್ಛೆರೋಗ ಮೊದಲಾದವುಗಳಿಗೆ ದಿನವೂ ಮಾತ್ರೆ ನುಂಗುವವರು ಸಾರಿಗೆ ಹಾಕುವಷ್ಟು ಮೆಣಸಿಗೆ ಮಿತಿಗೊಳಿಸುವುದು ಒಳ್ಳೆಯದು.

ಮನೆಮದ್ದುಗಳಲ್ಲಿ ಪರೀಕ್ಷೆಗೆ ನಿಂತು ಗೆದ್ದದ್ದು ಜೇನುತುಪ್ಪ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗುವ ಮುನ್ನ ಜೇನು ಪಡೆದ ಮಕ್ಕಳ ರಾತ್ರಿಯ ಕೆಮ್ಮು ಏನನ್ನೂ ಪಡೆಯದವರಿಗಿಂತ ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2001ರಲ್ಲಿಯೇ ಮಕ್ಕಳ ಕೆಮ್ಮಿಗೆ ಗಂಟಲು ತಣಿಸುವ ಅಗ್ಗದ, ಸುರಕ್ಷಿತ ವಸ್ತುಗಳಲ್ಲಿ ಜೇನನ್ನು ಹೆಸರಿಸಿತ್ತು. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನಾಲಗೆಗೂ ತಾಗಬಾರದು. ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ವಿಷ ಉತ್ಪಾದಿಸುತ್ತವೆ. ಬಜೆಯನ್ನು ತೇಯ್ದು ಜೇನಿನಲ್ಲಿ ನೆಕ್ಕಿಸುವ ಪದ್ಧತಿಯಲ್ಲಿ ಈ ಅಪಾಯದ ಜೊತೆಗೆ ಬಜೆಯದೇ ಬೀಟಾ-ಅಸರೋನ್ ಎಂಬ ಹಾನಿಕರ ಅಂಶವೂ ಸೇರುತ್ತದೆ. ಆ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು.

ಎಳೆಮಕ್ಕಳ ವಿಷಯದಲ್ಲಿ ಪ್ರೀತಿಯಿಂದಲೇ ನಡೆಯುವ ಇನ್ನೂ ಕೆಲವು ಉಪಚಾರಗಳನ್ನು ಖಂಡಿತವಾಗಿ ಬಿಡಬೇಕು. ಸ್ನಾನದ ನಂತರ ಕೂಸಿಗೆ ಹಿಡಿಯುವ ಸಾಂಬ್ರಾಣಿ ಹೊಗೆ ಶ್ವಾಸನಾಳವನ್ನು ಕೆರಳಿಸುತ್ತದೆ. ಮೂಗಿಗೆ ಬಿಡುವ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಲ್ಲದು. ಎಣ್ಣೆಯಲ್ಲಿ ಕರಗಿಸಿ ಎದೆಗೆ ಹಚ್ಚುವ ಕರ್ಪೂರ ಎಳೆಯ ಮಕ್ಕಳಿಗೆ ಫಿಟ್ಸ್ ತರಬಲ್ಲದು. ಕುದಿಯುವ ಪಾತ್ರೆಯ ಮುಂದೆ ಮಗುವನ್ನು ಕೂರಿಸಿದರೆ ಸುಟ್ಟಗಾಯದ ಭಯ. ಮೂಗು ಕಟ್ಟಿದ ಕೂಸಿಗೆ ಔಷಧದಂಗಡಿಯ ಉಪ್ಪುನೀರಿನ ಹನಿ ಮತ್ತು ಪದೇ ಪದೇ ತಾಯಿಹಾಲು, ಇವೆರಡು ಸಾಕು. ಹಾಗೆಂದು ಸಿರಪ್ಪಿನ ಕಡೆ ವಾಲುವಂತೆಯೂ ಇಲ್ಲ. 2022ರಲ್ಲಿ ಗ್ಯಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತ ದುರಂತ ದೇಶವನ್ನೇ ಕಲಕಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು, ಮೊದಲು ಸಾಕಷ್ಟು ದ್ರವಾಹಾರ ಮತ್ತು ವಿಶ್ರಾಂತಿ ಕೊಡಬೇಕು ಎಂದು ಸೂಚಿಸಿತು.

ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಆಸ್ಪತ್ರೆಗೆ ಹೊರಡಬೇಕಾದ ಗುರುತುಗಳೂ ಕಷಾಯದ ಅಳತೆಯಷ್ಟೇ ನಿಖರವಾಗಿ ಮನೆಯವರಿಗೆ ಗೊತ್ತಿರಬೇಕು. ಅಳದೆ ಶಾಂತವಾಗಿರುವ ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಿದಾಗ, ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚು ಬಂದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ನ್ಯುಮೋನಿಯಾದ ಸೂಚನೆಯೆಂದು ಪರಿಗಣಿಸುತ್ತದೆ. ಪಕ್ಕೆ ಒಳಕ್ಕೆ ಎಳೆಯುವುದು, ಹಾಲು ಬಿಡುವುದು, ತುಟಿ ನೀಲಿಯಾಗುವುದು ಇನ್ನೂ ತುರ್ತಿನವು. ದೊಡ್ಡವರಲ್ಲಿ ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಕ್ಷಯದ ಪರೀಕ್ಷೆಯಾಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಹಿಂದೂಪುರದಲ್ಲಿ ಸರ್ಕಾರಿ ಆಸ್ಪತ್ರೆಯಿದೆ, 1969ರಲ್ಲಿ ವಿನ್ಸೆಂಟ್ ಫೆರರ್ ಅನಂತಪುರದಲ್ಲಿ ಆರಂಭಿಸಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ ಆಸ್ಪತ್ರೆ ಕಲ್ಯಾಣದುರ್ಗದಲ್ಲಿದೆ.

ಮದ್ದಿನ ಗಿಡಗಳನ್ನು ಮನೆಯ ಬಳಿಯೇ ಇಟ್ಟುಕೊಳ್ಳುವುದು ಈ ಸೀಮೆಯಲ್ಲಿ ಕಷ್ಟವೇನಲ್ಲ. ಕುರಿ ಮೇಕೆಗಳು ಸಿಕ್ಕಿದ್ದನ್ನೆಲ್ಲ ಮೇಯುವ ಈ ಊರುಗಳಲ್ಲಿ ಆಡುಸೋಗೆ ಮತ್ತು ಲಕ್ಕಿಗಳಿಗೆ ಅವು ಬಾಯಿ ಹಾಕುವುದು ಅಪರೂಪವಾದ್ದರಿಂದ ಎರಡೂ ಒಳ್ಳೆಯ ಬೇಲಿಯಾಗುತ್ತವೆ. ಮುಂಗಾರಿನ ಮೊದಲ ಹದಮಳೆಗೆ ಬಲಿತ ಕಾಂಡದ ಗೇಣುದ್ದದ ತುಂಡುಗಳನ್ನು ಓರೆಯಾಗಿ ಊರಿದರೆ ಅವು ಬೇರೂರುತ್ತವೆ. ದೊಡ್ಡಪತ್ರೆಗೆ ಒಡೆದ ಕೊಡದ ತಳವೂ ಸಾಕು. ಒಂದು ಟಿಸಿಲು ನೆಟ್ಟು, ನೀರು ನಿಲ್ಲದಂತೆ ನೋಡಿಕೊಂಡು, ಮಧ್ಯಾಹ್ನದ ಬಿಸಿಲಿಗೆ ಮರೆ ಕೊಟ್ಟರೆ ವರ್ಷವಿಡೀ ಎಲೆ ಸಿಗುತ್ತದೆ. ರಸ್ತೆಯ ಅಂಚಿನಲ್ಲಿ ಬೆಳೆದ ಗಿಡದ ಎಲೆ ಮಾತ್ರ ಬೇಡ, ಔಷಧಿ ಹೊಡೆದ ಹೊಲದ ಬದುವಿನದೂ ಬೇಡ.