ಮುಂದೊಗಲು ಬಿಗಿ ಎಂದಾಕ್ಷಣ ಕತ್ತರಿ ಬೇಕೆ?

ಡೊಂಬಿವಲಿಯೋ ಮೀರಾ ರೋಡೋ, ಗಂಡುಮಗುವಿರುವ ನಮ್ಮವರ ಮನೆಗಳಲ್ಲಿ ಏಳುವ ಆತಂಕವಿದು: ಮಗುವಿನ ಶಿಶ್ನದ ಮುಂದೊಗಲು ಹಿಂದೆ ಸರಿಯುವುದಿಲ್ಲ, ಮೂತ್ರ ಮಾಡುವಾಗ ತುದಿ ಉಬ್ಬುತ್ತದೆ. 'ಆಪರೇಷನ್ ಮಾಡಿಸಿಬಿಡಿ, ಇನ್ಫೆಕ್ಷನ್ ಆಗೋದಿಲ್ಲ' ಎನ್ನುತ್ತಾರೆ ಪಕ್ಕದ ಫ್ಲ್ಯಾಟಿನವರು. 'ನಮ್ಮಲ್ಲಿ ಅದೆಲ್ಲ ಇಲ್ಲ' ಎನ್ನುತ್ತಾರೆ ಊರಿನಿಂದ ಫೋನಿನಲ್ಲಿ ಅಜ್ಜಿ. ಯಾರ ಮಾತು ಕೇಳುವುದು?

ಮುಂಬಯಿಗೆ ಸುನ್ನತಿ ಹೊಸದಲ್ಲ. 1796ರಲ್ಲೇ ಇಲ್ಲಿ ಸಿನಗಾಗ್ ಕಟ್ಟಿದ ಬೆನೆ ಇಸ್ರೇಲಿ ಯೆಹೂದಿಗಳಲ್ಲಿ ಅದು ಮಗು ಹುಟ್ಟಿದ ಎಂಟನೆಯ ದಿನದ ವಿಧಿ. ನಮ್ಮ ಕರಾವಳಿಯ ಬ್ಯಾರಿಗಳೂ ಸೇರಿದಂತೆ ಮುಸ್ಲಿಮರಲ್ಲಿ ಬಾಲ್ಯದಲ್ಲೇ ನಡೆಯುತ್ತದೆ. ಅದು ಧರ್ಮದ ವಿಷಯ. ಆರೋಗ್ಯಕ್ಕಾಗಿ ಎಲ್ಲ ಶಿಶುಗಳಿಗೂ ಮಾಡಿಸಬೇಕೇ ಎಂಬುದು ಬೇರೆಯೇ ಪ್ರಶ್ನೆ. ವೈದ್ಯರಲ್ಲಿ ಒಮ್ಮತವಿಲ್ಲದಿರುವುದು ಇಲ್ಲಿ.

ಲಾಭ ಇಲ್ಲವೆಂದಲ್ಲ. ಶೈಶವದ ಮೂತ್ರದ ಸೋಂಕು ಕಡಿಮೆಯಾಗುತ್ತದೆ. ಆದರೆ ಆ ಸೋಂಕು ತಗಲುವುದೇ ಸುಮಾರು ನೂರರಲ್ಲಿ ಒಬ್ಬ ಹುಡುಗನಿಗೆ. ಅಂದರೆ ಒಂದು ಸೋಂಕು ತಪ್ಪಿಸಲು ನೂರರಷ್ಟು ಮಕ್ಕಳಿಗೆ ಕತ್ತರಿ. ಆಫ್ರಿಕಾದ ಮೂರು ಪ್ರಯೋಗಗಳಲ್ಲಿ ಗಂಡಸರಿಗೆ ಹೆಣ್ಣಿನಿಂದ ಎಚ್‌ಐವಿ ತಗಲುವ ಅಪಾಯ ಶೇ. 60ರಷ್ಟು ಇಳಿಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿದ್ದು ಎಚ್‌ಐವಿ ವ್ಯಾಪಕವಾಗಿದ್ದ ಪ್ರದೇಶಗಳಿಗೆ.

ಇನ್ನೊಂದು ತಟ್ಟೆಯಲ್ಲಿ ನೋವು, ರಕ್ತಸ್ರಾವ, ಸೋಂಕು, ಮೂತ್ರದ್ವಾರ ಕಿರಿದಾಗುವ ಸಾಧ್ಯತೆಗಳಿವೆ. ಮಗುವನ್ನು ಕೇಳಿ ಮಾಡುವಂತೆಯೂ ಇಲ್ಲ. ಹಾಗಾಗಿಯೇ 2010ರಲ್ಲಿ ಡಚ್ ವೈದ್ಯರ ಸಂಘ ವಿರೋಧಿಸಿತು. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅಪಾಯಕ್ಕಿಂತ ಲಾಭ ಹೆಚ್ಚೆಂದಿತು. ಆದರೂ ಎಲ್ಲರಿಗೂ ಮಾಡಿಸಿ ಎನ್ನಲಿಲ್ಲ.

ನಮ್ಮ ಮನೆಯ ಪ್ರಶ್ನೆಗೆ ಉತ್ತರ ಇದಕ್ಕಿಂತ ಸರಳ. ಶಿಶುವಿನ ಮುಂದೊಗಲು ಅಂಟಿಕೊಂಡಿರುವುದು ಸಹಜ, ರೋಗವಲ್ಲ. ಡೆನ್ಮಾರ್ಕಿನ ವೈದ್ಯ ಯಾಕೊಬ್ ಓಸ್ಟರ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6-7 ವರ್ಷದ ಹುಡುಗರಲ್ಲಿ ಶೇ. 8ರಷ್ಟು ಮಂದಿಗೆ ಬಿಗಿತವಿತ್ತು. 16-17ರ ಹೊತ್ತಿಗೆ ಅದು ಶೇ. 1ಕ್ಕೆ ಇಳಿದಿತ್ತು. ಎಣ್ಣೆ ಹಚ್ಚಿ ಬಲವಂತವಾಗಿ ಎಳೆಯಬೇಡಿ. ಚರ್ಮ ಹರಿದು, ಗಾಯ ಮಾಗಿ, ನಿಜವಾದ ಬಿಗಿತ ಬರುವುದು ಹಾಗೆಯೇ. ಸ್ನಾನದಲ್ಲಿ ಹೊರಗಿನಿಂದ ತೊಳೆದರೆ ಸಾಕು.

ತುದಿ ಬಿಳಿಚಿ ಗಟ್ಟಿಯಾದರೆ, ಪದೇ ಪದೇ ಸೋಂಕಾದರೆ, ಮೂತ್ರ ಕಟ್ಟಿದರೆ ಮಕ್ಕಳ ಸರ್ಜನ್‌ಗೆ ತೋರಿಸಿ. ಬರಿಯ ಬಿಗಿತವಾದರೆ 'ಸ್ಟೀರಾಯ್ಡ್ ಮುಲಾಮು ಹಚ್ಚಿ ನೋಡಬಹುದೇ?' ಎಂದು ಕೇಳಿ. ಎಷ್ಟೋ ಮಕ್ಕಳಿಗೆ ಅಷ್ಟರಲ್ಲೇ ಸರಿಹೋಗುತ್ತದೆ. ಧರ್ಮಕ್ಕಾಗಿ ಮಾಡಿಸುವವರೂ ಮೂತ್ರದ್ವಾರ ಸರಿಯಾದ ಜಾಗದಲ್ಲಿದೆಯೇ ಎಂದು ಮೊದಲು ಪರೀಕ್ಷಿಸಿಸಿ, ಮನೆತನದಲ್ಲಿ ರಕ್ತ ಹೆಪ್ಪುಗಟ್ಟದ ತೊಂದರೆಯಿದ್ದರೆ ತಿಳಿಸಿ, ನೋವು ಮರೆಸುವ ಚುಚ್ಚುಮದ್ದು ಕೊಡಿಸಿಯೇ ಮಾಡಿಸಲಿ.