ವೇದಾವತಿ ನದಿಯಲ್ಲಿ ಜಲಸಂಚಾರ

ವೇದಾವತಿಯು ಚಿತ್ರದುರ್ಗ ಜಿಲ್ಲೆಯ ಪ್ರಮುಖ ನದಿ. ಹೊಸದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳ ಮೂಲಕ ಹರಿಯುವ ಈ ನದಿಯಲ್ಲಿ ದೋಣಿಗಳ ದೂರಪ್ರಯಾಣ ಬೆಳೆಯಲಿಲ್ಲ. ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಳಿಸುವ ಲಾಕ್‌ಗಳೂ ಇದರ ಮೇಲೆ ನಿರ್ಮಾಣವಾಗಲಿಲ್ಲ. ಆದರೆ ವೇದಾವತಿ ಸೇರುವ ತುಂಗಭದ್ರೆಯಿಂದ ನೀರು ಪಡೆಯುವ ಕರ್ನೂಲು–ಕಡಪ ಕಾಲುವೆಯಲ್ಲಿ ಲಾಕ್‌ಗಳ ಮೂಲಕ ದೋಣಿಗಳು ಸಂಚರಿಸುತ್ತಿದ್ದವು.

ನದಿಯ ಸ್ವರೂಪ

ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗುತ್ತವೆ. ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಹಗರಿ ಎಂಬ ಹೆಸರಿದೆ. ಮಳೆಗಾಲದಲ್ಲಿ ತುಂಬಿ ಹರಿಯುವ ನದಿಯು ಬೇಸಿಗೆಯಲ್ಲಿ ಮರಳಿನ ಪಾತ್ರವಾಗಿ ಉಳಿಯುತ್ತದೆ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ವರ್ಷವಿಡೀ ದೋಣಿ ತೇಲಿಸುವಷ್ಟು ಆಳ ನದಿಗೆ ಇರುವುದಿಲ್ಲ.

ಕನ್ನಡ ನಾಡಿನ ಒಳನಾಡು ನದಿಗಳಲ್ಲಿ ಹರಿಗೋಲು ಮುಖ್ಯವಾಗಿ ದಡದಿಂದ ದಡಕ್ಕೆ ದಾಟುವ ಸಾಧನವಾಗಿತ್ತು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ, ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ.

ಲಾಕ್ ಕೆಲಸ ಮಾಡುವ ಬಗೆ

ಲಾಕ್ ಎಂದರೆ ಎರಡೂ ತುದಿಗಳಲ್ಲಿ ಬಾಗಿಲುಗಳಿರುವ ನೀರಿನ ಕೋಣೆ. ಮೇಲಕ್ಕೆ ಹೋಗಬೇಕಾದ ದೋಣಿ ಕೆಳಬಾಗಿಲಿನಿಂದ ಒಳಗೆ ಬಂದ ಮೇಲೆ ಆ ಬಾಗಿಲನ್ನು ಮುಚ್ಚಲಾಗುತ್ತದೆ. ಮೇಲಿನ ತೂಬನ್ನು ತೆರೆದಾಗ ನೀರು ತಾನಾಗಿ ಒಳನುಗ್ಗಿ ದೋಣಿಯನ್ನು ಎತ್ತುತ್ತದೆ. ಒಳಗಿನ ಮತ್ತು ಮೇಲಿನ ನೀರು ಸಮಮಟ್ಟಕ್ಕೆ ಬಂದಾಗ ಮೇಲಿನ ಬಾಗಿಲನ್ನು ತೆರೆಯಬಹುದು. ಇದಕ್ಕೆ ಪಂಪಿನ ಅಗತ್ಯವಿಲ್ಲ, ಗುರುತ್ವಬಲವೇ ಸಾಕು. ಇಂಗ್ಲೆಂಡಿನ ಹಲವು ಕಾಲುವೆಗಳಲ್ಲಿ ಖಾಸಗಿ ದೋಣಿಯಲ್ಲಿ ವಿಹರಿಸುವವರು ತಾವೇ ಕೈಹಿಡಿ ತಿರುಗಿಸಿ ತೂಬುಗಳನ್ನು ತೆರೆಯುತ್ತಾರೆ. ಅಲ್ಲಿನ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳು ದೋಣಿಯನ್ನು ಸುಮಾರು 72 ಮೀಟರ್ ಏರಿಸುತ್ತವೆ.

ಆದರೆ ಪ್ರತಿ ಬಾರಿಯೂ ಒಂದು ಕೋಣೆಯಷ್ಟು ನೀರು ಕೆಳಕ್ಕೆ ಹೋಗುತ್ತದೆ. ಉದಾಹರಣೆಗೆ, 20 ಮೀಟರ್ ಉದ್ದ, 4 ಮೀಟರ್ ಅಗಲದ ಲಾಕ್‌ನಲ್ಲಿ ನೀರಿನ ಮಟ್ಟ 2 ಮೀಟರ್ ಬದಲಾದರೆ 1,60,000 ಲೀಟರ್ ನೀರು ಬೇಕಾಗುತ್ತದೆ.

ಕರ್ನೂಲು–ಕಡಪ ಕಾಲುವೆ

ಹಗರಿಯು ತುಂಗಭದ್ರೆಯನ್ನು ಸೇರಿದ ಬಳಿಕ, ಅದರ ಕೆಳಭಾಗದಲ್ಲಿ ಕರ್ನೂಲಿನ ಸಮೀಪ ಸುಂಕೇಶುಲ ಅಣೆಕಟ್ಟು ಸಿಗುತ್ತದೆ. ಅಲ್ಲಿಂದ ಹೊರಡುವ ಕಾಲುವೆಯನ್ನು 1860ರ ದಶಕದಲ್ಲಿ ಮದ್ರಾಸ್ ಇರಿಗೇಷನ್ ಕಂಪನಿ ನೀರಾವರಿ ಮತ್ತು ಸಂಚಾರ ಎರಡಕ್ಕೂ ನಿರ್ಮಿಸಿತು. 1882ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. 1930ರ ದಶಕದಲ್ಲಿ ದೋಣಿ ಸಂಚಾರವನ್ನು ಕೈಬಿಡಲಾಯಿತು. ಕಾಲುವೆ ನೀರಾವರಿಗೆ ಮಾತ್ರ ಉಳಿಯಿತು.

ವಾಣಿ ವಿಲಾಸ ಸಾಗರ

ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ಎರಡು ಬೆಟ್ಟಗಳ ನಡುವೆ ಕಟ್ಟಿದ ಕಲ್ಲಿನ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1895ರಿಂದ 1902ರವರೆಗೆ ಮೈಸೂರಿನ ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣಿ ವಿಲಾಸ ಸನ್ನಿಧಾನ ಎಂಬ ಬಿರುದಿನಿಂದ ಜಲಾಶಯಕ್ಕೆ ಈ ಹೆಸರು ಬಂದಿದೆ. ಇದರ ಗರಿಷ್ಠ ಮಟ್ಟ 130 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 30 ಟಿಎಂಸಿ. ನೀರನ್ನು ಹಿಡಿದಿಡುವುದೇ ಉದ್ದೇಶವಾದುದರಿಂದ ಇಲ್ಲಿ ದೋಣಿಗಳಿಗೆ ದಾರಿಯನ್ನು ಕಲ್ಪಿಸಲಿಲ್ಲ. ಸುಮಾರು 40 ಮೀಟರಿನ ಈ ಎತ್ತರವನ್ನು ಕೇನ್ ಹಿಲ್‌ನಂಥ ಲಾಕ್‌ಗಳಿಂದ ಏರಬೇಕಾದರೆ ಸುಮಾರು 16 ಲಾಕ್‌ಗಳು ಬೇಕಾಗುತ್ತವೆ.

1933ರಲ್ಲಿ ಮೊದಲ ಬಾರಿ ಕೋಡಿ ಹರಿದ ಜಲಾಶಯ, 89 ವರ್ಷಗಳ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮೂರನೆಯ ಬಾರಿ ತುಂಬಿತು. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರಾ ನದಿಯ ನೀರನ್ನು ಮೇಲೆತ್ತಿ ಇಲ್ಲಿಗೆ ಹರಿಸಲಾಗುತ್ತಿದೆ. ಹಿರಿಯೂರಿನ ತೋಟಗಳೂ ಚಿತ್ರದುರ್ಗದ ಕುಡಿಯುವ ನೀರಿನ ಪೂರೈಕೆಯೂ ಇದನ್ನು ಅವಲಂಬಿಸಿವೆ. ಹೊಳಲ್ಕೆರೆ ಸೇರಿದಂತೆ ಜಿಲ್ಲೆಯ ಇತರ ಬರಪೀಡಿತ ತಾಲ್ಲೂಕುಗಳೂ ಅದೇ ಯೋಜನೆಯ ಕಾಲುವೆಗಳನ್ನು ಎದುರು ನೋಡುತ್ತಿವೆ. ಹೀಗಾಗಿ ಈ ಸೀಮೆಯ ಕಾಲುವೆಗಳು ಹೊಲ ಮತ್ತು ಕೆರೆಗಳಿಗೆ ನೀರುಣಿಸಲು ರೂಪುಗೊಂಡವೇ ಹೊರತು ದೋಣಿಗಳ ಹಾದಿಯಾಗಿ ಅಲ್ಲ.