ಊರ ತಿಪ್ಪೆಯೂ ಹೊಲದ ಸಾರವೂ

ಮೈಸೂರು ಸೀಮೆಯ ಬಯಲು ಗ್ರಾಮಗಳನ್ನು ಸಮೀಪಿಸುವವರಿಗೆ ಎಷ್ಟೋ ಕಡೆಗಳಲ್ಲಿ ಮನೆಗಳಿಗಿಂತ ಮುಂಚೆ ಗೋಚರವಾಗುವುದು ತಿಪ್ಪೆಗಳ ಸಾಲು. ಸಗಣಿ, ದನ ತಿಂದು ಬಿಟ್ಟ ಹುಲ್ಲು, ಒಲೆಯ ಬೂದಿ, ಅಂಗಳದ ಕಸ ಎಲ್ಲವೂ ಅಲ್ಲಿ ಬಂದು ಬೀಳುವುವು. ಇವನ್ನು ಹೊಲಕ್ಕೆ ಹಿಂದಿರುಗಿಸಬೇಕೆಂಬ ತಿಳಿವಳಿಕೆಯು ಇಲ್ಲಿಯ ರೈತರಿಗೆ ಹೊಸದಲ್ಲ. ಆದರೆ ಬೇಸಗೆಯ ಬಿಸಿಲಿಗೂ ಮುಂಗಾರಿನ ಮಳೆಗೂ ಮೈಯೊಡ್ಡಿದ ಆ ರಾಶಿಯಲ್ಲಿ ಗಾಡಿಗೆ ತುಂಬುವ ಕಾಲಕ್ಕೆ ಉಳಿದಿರುವ ಸಾರವೆಷ್ಟು ಎಂಬುದನ್ನು ಜಮೀನುದಾರರು ವಿಚಾರಿಸುವುದು ಅಪರೂಪ.

ದನವು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧಭಾಗವೂ ಪೊಟ್ಯಾಷಿನಲ್ಲಿ ಬಹುಭಾಗವೂ ಗಂಜಲದಲ್ಲಿಯೇ ಇರುವುವು. ರಂಜಕವು ಮಾತ್ರ ಹೆಚ್ಚಾಗಿ ಸಗಣಿಯಲ್ಲಿ ನಿಲ್ಲುವುದು. ಹೀಗಿರುವಲ್ಲಿ, ಸಗಣಿಯನ್ನು ಎತ್ತಿ ಗಂಜಲವನ್ನು ಮೋರಿಗೆ ಹರಿಯಬಿಡುವ ಕೊಟ್ಟಿಗೆಯು ಪ್ರತಿದಿನವೂ ಗೊಬ್ಬರದ ಅರ್ಧ ಬೆಲೆಯನ್ನು ಕಳೆಯುತ್ತಿರುವುದೆಂದೇ ಹೇಳಬಹುದು. ಬೆಳಗಿನ ಹೊತ್ತು ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಸಾರಜನಕವು ಗಾಳಿಗೆ ಸೇರುತ್ತಿರುವುದರ ಗುರುತು. ಒಣ ಎಲೆ, ಹೊಟ್ಟು ಅಥವಾ ಒಣ ಮಣ್ಣನ್ನು ರಾತ್ರಿ ದನಗಳ ಕೆಳಗೆ ಹರಡಿ, ಬೆಳಿಗ್ಗೆ ಗಂಜಲ ಹೀರಿದ ಆ ಹಾಸನ್ನು ಗುಂಡಿಗೆ ಸೇರಿಸಿದಲ್ಲಿ ಈ ನಷ್ಟದ ಬಹುಪಾಲು ತಪ್ಪುವುದು. ಇದಕ್ಕೆ ಖರ್ಚಿಲ್ಲ, ದಿನದ ಅಭ್ಯಾಸವೊಂದೇ ಬೇಕು.

ರಸಗೊಬ್ಬರವು ಚೀಲದಲ್ಲಿ ದೊರೆಯುವಾಗ ಇಷ್ಟೆಲ್ಲ ಶ್ರಮವೇಕೆಂದು ಕೇಳುವವರುಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೆಮ್ಮಣ್ಣು ಭೂಮಿಯಲ್ಲಿ 1978ರಿಂದ ನಡೆದುಬಂದ ಖುಷ್ಕಿ ರಾಗಿಯ ಪ್ರಯೋಗವು ಈ ಪ್ರಶ್ನೆಗೆ ಸರಿಯಾದ ಉತ್ತರವಾಗಿದೆ. ಬರೀ ರಸಗೊಬ್ಬರ ಕೊಟ್ಟ ಮಡಿಗಳ ಇಳುವರಿಯು ವರ್ಷಗಳು ಕಳೆದಂತೆ ಇಳಿಮುಖವಾಯಿತು. ಕೊಟ್ಟಿಗೆ ಗೊಬ್ಬರವನ್ನೂ ರಸಗೊಬ್ಬರವನ್ನೂ ಕೂಡಿಸಿ ಕೊಟ್ಟ ಮಡಿಗಳು ಫಸಲನ್ನು ಕಾಯ್ದುಕೊಂಡುವು. ಆದಕಾರಣ ರಸಗೊಬ್ಬರವನ್ನು ದ್ವೇಷಿಸಬೇಕಾದುದಿಲ್ಲ. ಟನ್ನು ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 5 ಕಿಲೋ ಸಾರಜನಕವಿದ್ದರೆ ಹೆಚ್ಚು. ಆದರೆ ಮಣ್ಣು ನೀರನ್ನು ಹಿಡಿದಿಡುವಂತೆಯೂ ಬೇರು ಸಲೀಸಾಗಿ ಇಳಿಯುವಂತೆಯೂ ಅದು ಮಾಡುವ ಕೆಲಸವನ್ನು ಯಾವ ಚೀಲವೂ ಮಾಡಲಾರದು.

ಕಸವನ್ನು ಕ್ರಮವಾಗಿ ಕಳಿಸುವ ವಿದ್ಯೆಗೆ ಶಾಸ್ತ್ರೀಯ ರೂಪ ದೊರೆತುದು ಈ ದೇಶದಲ್ಲಿಯೇ. 1924ರಿಂದ 1931ರ ವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೋವರ್ಡರು ಯಶವಂತ ವಾಡರೊಡನೆ ಕೂಡಿ, ಕಸಕಡ್ಡಿಯನ್ನೂ ಸಗಣಿಯನ್ನೂ ಪದರಪದರವಾಗಿ ಒಟ್ಟಿ, ನಡುನಡುವೆ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಇಂದೂರು ವಿಧಾನವನ್ನು ರೂಪಿಸಿದರು. 1939ರಲ್ಲಿ ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯರು ಮಗುಚುವ ಕೂಲಿಯೇ ಬೇಡವಾದ ಇನ್ನೊಂದು ಕ್ರಮವನ್ನು ಕಂಡುಹಿಡಿದರು. ಗುಂಡಿಯನ್ನು ಮಣ್ಣಿನಿಂದ ಮುಚ್ಚಿ ಬಿಡುವ ಈ ಬೆಂಗಳೂರು ವಿಧಾನದಲ್ಲಿ ಕಾಲ ಹೆಚ್ಚು, ಆಳು ಕಡಿಮೆ. ಪಟ್ಟಣಗಳಲ್ಲಿ ಅಂದು ಇದಕ್ಕೆ ಕಸದೊಡನೆ ಮಲವನ್ನೂ ಬಳಸುತ್ತಿದ್ದರು. ಅದನ್ನು ಮನುಷ್ಯರ ಕೈಯಿಂದ ಹೊರಿಸುವ ಪದ್ಧತಿಯನ್ನು 1993ರ ಮತ್ತು 2013ರ ಕಾನೂನುಗಳು ನಿಷೇಧಿಸಿವೆ. ಅಂತಹ ಕೆಲಸಕ್ಕೆ ಯಾರನ್ನೂ ಹಚ್ಚಕೂಡದು. ಗ್ರಾಮದ ಗೊಬ್ಬರಕ್ಕೆ ಅದರ ಅಗತ್ಯವೂ ಇಲ್ಲ.

ರೈತನಿಗೆ ಅನುಕೂಲವಾದ ಗುಂಡಿಯು 3 ಅಡಿ ಆಳ, 6 ಅಡಿ ಅಗಲವಿರತಕ್ಕದ್ದು; ಉದ್ದವು ದನಗಳ ಸಂಖ್ಯೆಯನ್ನು ಅನುಸರಿಸಿ 20 ಅಡಿಯವರೆಗೆ ಇರಬಹುದು. ಮಳೆಯ ನೀರು ನಿಲ್ಲದ ಎತ್ತರದ ಜಾಗವೂ ಸಾಧ್ಯವಾದರೆ ಮರದ ನೆರಳೂ ಬೇಕು. ಇಡೀ ಗುಂಡಿಯನ್ನು ತೆಳುವಾಗಿ ತುಂಬುತ್ತ ಹೋಗುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಒಂದು ತುದಿಯಿಂದ ಮೂರು ನಾಲ್ಕು ಅಡಿಯ ಭಾಗವನ್ನು ಮಾತ್ರ ತೆಗೆದುಕೊಂಡು, ನೆಲಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ ಬರುವವರೆಗೆ ತುಂಬಿ, ಗುಮ್ಮಟದಂತೆ ಮಾಡಿ, ಸಗಣಿ ಕಲಸಿದ ಮಣ್ಣಿನಿಂದ ಮೆತ್ತಬೇಕು. ಬಳಿಕ ಮುಂದಿನ ಭಾಗ. ಮೆತ್ತಿದ ನಾಲ್ಕೈದು ತಿಂಗಳಲ್ಲಿ ಅದು ಕಳಿಯುವುದು. ರಾಗಿಯ ಕೂಳೆ, ಕಬ್ಬಿನ ತರಗು ಮೊದಲಾದ ಒರಟು ಪದಾರ್ಥಗಳನ್ನು ಸಗಣಿ ನೀರಿನಲ್ಲಿ ನೆನೆಸಿ ಹಾಕುವುದು ಮೇಲು. ಇವನ್ನು ಹಸಿಯಾಗಿಯೇ ಹೊಲದಲ್ಲಿ ಉತ್ತುಬಿಟ್ಟರೆ, ಕಳಿಸುವ ಸೂಕ್ಷ್ಮಜೀವಿಗಳು ಪೈರಿಗೆ ಸಲ್ಲಬೇಕಾದ ಸಾರಜನಕವನ್ನು ತಾವೇ ಉಂಡು, ಪೈರು ಕೆಲಕಾಲ ಹಳದಿಗೆ ತಿರುಗುವುದುಂಟು. ಪಾರ್ಥೇನಿಯಂ ಕಳೆಯನ್ನು ಹೂ ಬಿಡುವುದಕ್ಕೆ ಮುಂಚೆಯೇ ಕಿತ್ತು ಹಾಕಬೇಕು. ಪ್ಲಾಸ್ಟಿಕ್ ಚೀಲ, ಗಾಜು, ಔಷಧಿಯ ಡಬ್ಬಿಗಳು ಗುಂಡಿಗೆ ಸೇರಲೇಬಾರದು. ಒಂದು ಸಲ ಹೊಲಕ್ಕೆ ಹೋದ ಪ್ಲಾಸ್ಟಿಕ್ಕನ್ನು ಆರಿಸಿ ತೆಗೆಯುವವರಿಲ್ಲ.

ಇದುವರೆಗೆ ಹೇಳಿದುದು ಪ್ರತಿಯೊಬ್ಬ ಜಮೀನುದಾರನೂ ತನ್ನ ಮಟ್ಟಿಗೆ ಮಾಡಿಕೊಳ್ಳಬಹುದಾದುದು. ಗ್ರಾಮದ ಮುಖಂಡರ ಪಾಲಿಗೆ ಬರುವ ಕೆಲಸವು ಇದಕ್ಕಿಂತ ಕಠಿನ. ತೆರೆದ ತಿಪ್ಪೆಯಲ್ಲಿ ನೊಣಗಳು ಹುಟ್ಟಿ ಅಡಿಗೆಮನೆಗೆ ಬರುವುವು. ಬಾವಿಯ ಪಕ್ಕದ ತಿಪ್ಪೆಯಿಂದ ಸೋರಿದ ನೀರು ಕುಡಿಯುವ ನೀರಿಗೆ ನೈಟ್ರೇಟನ್ನೂ ರೋಗಾಣುಗಳನ್ನೂ ಸೇರಿಸುವುದು. ಆ ನೈಟ್ರೇಟು ಎಳೆಯ ಕೂಸುಗಳಿಗೆ ವಿಶೇಷ ಅಪಾಯಕರ. ಬೀದಿಯ ತಿಪ್ಪೆಯನ್ನು ತೆಗೆಯಿರೆಂದು ಅಪ್ಪಣೆ ಮಾಡುವುದು ಸುಲಭ. ಒಂದೇ ಹಸುವನ್ನು ಸಾಕಿಕೊಂಡು, ಹಿತ್ತಿಲೂ ಹೊಲವೂ ಇಲ್ಲದ ಕುಟುಂಬವು ಅದನ್ನು ಎಲ್ಲಿಗೆ ಒಯ್ಯಬೇಕೆಂಬುದನ್ನು ಅಪ್ಪಣೆಗೆ ಮುಂಚೆಯೇ ಯೋಚಿಸತಕ್ಕದ್ದು. ಪಂಚಾಯಿತಿಯು ಬಾವಿಗೂ ವಸತಿಗೂ ದೂರವಾದ ಜಾಗವನ್ನು ಗೊತ್ತುಮಾಡಿ, ಮನೆಗೊಂದರಂತೆ ಗುಂಡಿಯನ್ನು ಗುರುತಿಸಿ, ಯಾವ ಗುಂಡಿ ಯಾರದೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಜಗಳಕ್ಕೆ ಆಸ್ಪದವಿರದು. ಊರ ಸಮೀಪದಲ್ಲಿ ಜಮೀನುಳ್ಳವರು ಒಂದು ಮೂಲೆಯನ್ನು ಇದಕ್ಕೆ ಬಿಟ್ಟುಕೊಟ್ಟು, ಅಲ್ಲಿ ಆದ ಗೊಬ್ಬರವನ್ನು ನ್ಯಾಯವಾದ ಬೆಲೆಗೆ ಕೊಳ್ಳುವುದೂ ಒಂದು ದಾರಿ; ಬಡವನ ಸಗಣಿಗೆ ಬೆಲೆ ಬಂದಲ್ಲಿ ಅದು ಬೀದಿಯಲ್ಲಿ ಬೀಳುವುದಿಲ್ಲ.

ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಮೆತ್ತಿದ ಭಾಗಗಳು ಮುಂಗಾರಿನ ಉಳುಮೆಗೆ ಒದಗುವುವು. ಕಳಿತ ಗೊಬ್ಬರವು ಕಪ್ಪಾಗಿ, ಪುಡಿಪುಡಿಯಾಗಿ, ದುರ್ವಾಸನೆಯಿಲ್ಲದೆ ಇರುವುದು. ಅದನ್ನು ಹೊಲದಲ್ಲಿ ಸಣ್ಣ ಸಣ್ಣ ಗುಡ್ಡೆಗಳಾಗಿ ಸುರಿದು ವಾರಗಟ್ಟಲೆ ಬಿಸಿಲಿಗೆ ಬಿಡುವ ರೂಢಿಯು ಹಲವು ಕಡೆ ಉಂಟು. ಹಾಗೆ ಬಿಡದೆ, ಗಾಡಿಯಿಂದ ಇಳಿಸಿದ ದಿನವೇ ಹರಡಿ ಮಣ್ಣಿಗೆ ಸೇರುವಂತೆ ಉಳತಕ್ಕದ್ದು.